ನಾನು ಹೇಳಿಕೊಡದ ಲೆಕ್ಕಗಳು

ಕಲ್ಯಾಣಿ, ನಾನು ನಿನಗೆ ಒಂದೇ ಒಂದು ಲೆಕ್ಕವನ್ನೂ ಹೇಳಿಕೊಟ್ಟಿಲ್ಲ.

ಬೀಜಗಣಿತವೂ ಇಲ್ಲ, ರೇಖಾಗಣಿತವೂ ಇಲ್ಲ, ಭೌತಶಾಸ್ತ್ರವಂತೂ — ಬಿಡು. ನನಗೇ ಗೊತ್ತಿಲ್ಲದ್ದನ್ನು ನಿನಗೆ ಹೇಗೆ ಹೇಳಿಕೊಡಲಿ? ಕುಂದಾಪುರದ ನಿಮ್ಮ ಮನೆಯ ಜಗಲಿಯಲ್ಲಿ ಹೈಸ್ಕೂಲು ಮುಗಿಯುವವರೆಗೂ ಗುರುವಿನ ಹಾಗೆ ಕಾಲು ಮಡಚಿ ಕೂತಿದ್ದವಳು ನಾನು. ಆದರೆ ಲೆಕ್ಕ ಬಿಡಿಸಿದವಳು ನೀನು. ನಾನು ನೋಡಿ ಬರೆದುಕೊಂಡೆ, ಅಷ್ಟೇ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.

ಶುರುವಾದದ್ದು ಹೇಗೆ ಎಂದು ನಿನಗೆ ಗೊತ್ತೇ ಇಲ್ಲ. ನಾನು ಉಪ್ಪುಂದದಿಂದ ಬಂದು ನಿಮ್ಮ ಪಕ್ಕದ ಮನೆಯಲ್ಲಿದ್ದ ಸೋದರಮಾವನ ಬಳಿ ಉಳಿದು ಹೈಸ್ಕೂಲಿನ ನಾಲ್ಕನೇ ಫಾರಂ ಸೇರಿದ ಹೊಸತು. ಹುಡುಗಿಯರ ಬೆಂಚಿನಲ್ಲಿ ನಾವಿಬ್ಬರೇ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು: ತಂದೆಯ ವಯಸ್ಸು ಮಗನ ನಾಲ್ಕು ಪಟ್ಟು, ಇಪ್ಪತ್ತನಾಲ್ಕು ವರ್ಷ ಕಳೆದರೆ ಎರಡೇ ಪಟ್ಟು, ಈಗ ಮಗನಿಗೆಷ್ಟು? ನೀನು ತಲೆ ತಗ್ಗಿಸಿಕೊಂಡು ಏನೋ ಗೊಣಗಿದೆ. ಆ ಗೊಣಗಾಟದಲ್ಲಿ 'ಹನ್ನೆರಡು' ಎಂಬುದೊಂದೇ ನನ್ನ ಕಿವಿಗೆ ಬಿತ್ತು. ನಾನು ಎದ್ದು ನಿಂತು ಗಟ್ಟಿಯಾಗಿ, "ಹನ್ನೆರಡು ಸಾರ್" ಎಂದೆ.

"ಶಾಬಾಸ್!" ಎಂದರು ಮೇಷ್ಟ್ರು. ಹುಡುಗರೆಲ್ಲ ತಿರುಗಿ ನೋಡಿದರು. ನೀನು ನನ್ನನ್ನು ನೋಡಿದ ಆ ನೋಟ — ನಿನ್ನದನ್ನು ಕದ್ದೆ ಎಂಬ ಸಿಟ್ಟು ಅದರಲ್ಲಿರಲಿಲ್ಲ. ನಿನಗೆ ಹೊಳೆದದ್ದೇ ನನಗೂ ಹೊಳೆಯಿತು, ಹೇಳುವ ಧೈರ್ಯವೂ ಇತ್ತು ಎಂಬ ಮೆಚ್ಚುಗೆ. ಅದು ನನಗೆ ಎಷ್ಟು ಹಿತವಾಯಿತೆಂದರೆ...

ಅದೇ ವಾರ ನಿನ್ನ ಅಮ್ಮ ಬೇಲಿಯ ಆಚೆಯಿಂದ ಕರೆದರು. "ಹ್ವಾಯ್ ಹೆಣೆ, ನಮ್ಮ ಕಲ್ಯಾಣಿಗೂ ಚೂರ್ ಲೆಕ್ಕ ಹೇಳ್ಕೊಡ್ ಮಾರಾಯ್ತಿ. ಅದ್ಕೆ ಲೆಕ್ಕ ಅಂದ್ರೆ ಹೆದ್ರಿಕಿ."

"ಹೇಳ್ಕೊಡ್ತೆ ಅಮ್ಮ, ಅದಕ್ಕೆಂತ!" ಎಂದುಬಿಟ್ಟೆ.

ಯುದ್ಧದ ಕಾಲ. ಕಾಗದ ತುಟ್ಟಿ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹೊತ್ತು ಕಂತುವ ಮೊದಲೇ ಮನೆಲೆಕ್ಕ ಮುಗಿಸಬೇಕು, ಸ್ಲೇಟಿನ ಮೇಲೆ ಮಾಡಿ ಉತ್ತರ ಬಂದ ಮೇಲೆ ಮಾತ್ರ ಪುಸ್ತಕಕ್ಕೆ ಇಳಿಸಬೇಕು. ಮೊದಲ ದಿನ ನಾನು ಗಲ್ಲಕ್ಕೆ ಕೈಕೊಟ್ಟು ಕೂತು, ನಮ್ಮ ಮೇಷ್ಟ್ರ ದನಿ ತಂದುಕೊಂಡು ಕೇಳಿದೆ: "ಎಂತ ಕೊಟ್ಟಿದ್ರ್? ಎಂತ ಕೇಳಿದ್ರ್?" ನೀನು ಓದಿ ಹೇಳಿದೆ. "ಹಂಗಾರೆ ಮುಂದೆ ಎಂತ?" ಎಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಮುಂದೆ ಎಂತ ಎಂದು. ನೀನು ಬಳಪ ಕಚ್ಚಿಕೊಂಡು ಲೆಕ್ಕವನ್ನು ಇನ್ನೊಮ್ಮೆ ಓದಿದೆ. ಆಮೇಲೆ ಸ್ಲೇಟಿನ ಮೇಲೆ ಬಳಪ ಓಡತೊಡಗಿತು. ಉತ್ತರ ಬಂತು. ಪುಸ್ತಕದ ಹಿಂದೆ ನೋಡಿದರೆ ಸರಿ!

"ಲೀಲಾ, ನೀ ಕೇಳ್ದೆ ಇದ್ರೆ ನಂಗೆ ಹೊಳಿತಿರ್ಲಿಲ್ಲ" ಎಂದು ನೀನು ನನ್ನ ಕೈ ಹಿಡಿದುಕೊಂಡೆ. ನಾನು ದೊಡ್ಡವಳ ಹಾಗೆ ತಲೆಯಾಡಿಸಿದೆ.

ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು! ತಪ್ಪೊಪ್ಪಿಕೊಳ್ಳಲು ಕೂತವಳು ಹೀಗೆ ಹೇಳಬಾರದೇನೋ — ಆದರೆ ಸುಳ್ಳು ಹೇಳುವುದು ಇನ್ನು ಸಾಕು. ನಿನ್ನ ಅಮ್ಮ ಬೆಲ್ಲದ ಕಾಫಿ ತರುತ್ತಿದ್ದರು. ಹಲಸಿನ ಹಪ್ಪಳದಲ್ಲಿ ದೊಡ್ಡದು ಯಾವಾಗಲೂ 'ಟೀಚರಿಗೆ'. ಮಂಜಿ ಹಡಗಿನ ಪ್ರಶ್ನೆ ನೆನಪಿದೆಯೆ? ಸರಕು ತುಂಬಿದ ಮಂಜಿ ಹೊಳೆಯಿಂದ ಕಡಲಿಗೆ ಇಳಿದರೆ ಮೇಲೇಳುತ್ತದೆಯೋ ಇನ್ನಷ್ಟು ಮುಳುಗುತ್ತದೆಯೋ, ಕಾರಣ ಬರೆದುಕೊಂಡು ಬನ್ನಿ ಎಂದಿದ್ದರು ವಿಜ್ಞಾನದ ಮೇಷ್ಟ್ರು. ಕಡಲು ಆಳ, ಹಾಗಾಗಿ ಮುಳುಗುತ್ತದೆ — ಇದು ನನ್ನ ವಿಜ್ಞಾನ. ಪುಣ್ಯಕ್ಕೆ ಬಾಯಿ ಬಿಡಲಿಲ್ಲ. ಎಂದಿನಂತೆ "ಮುಂದೆ ಎಂತ?" ಎಂದೆ.

ನೀನು ಒಮ್ಮೆಲೇ ಎದ್ದು ಅಡಿಗೆಮನೆಗೆ ಓಡಿದೆ. ಉಪ್ಪಿನಕಾಯಿಗೆ ತಂದಿಟ್ಟಿದ್ದ ಬಲಿತ ಮಾವಿನಕಾಯಿಯೊಂದನ್ನು ನೀರಿನ ಪಾತ್ರೆಗೆ ಹಾಕಿದೆ. ಅದು ತಳಕ್ಕೆ ಹೋಗಿ ಕೂತಿತು. ಉಪ್ಪು ಹಾಕಿ ಕಲಕಿದೆ, ಮತ್ತೆ ಹಾಕಿದೆ, ಮತ್ತೆ ಕಲಕಿದೆ. ಮಾವಿನಕಾಯಿ ತಳ ಬಿಟ್ಟು ಮೆಲ್ಲಮೆಲ್ಲನೆ, ಮದುಮಗಳ ಹಾಗೆ, ಮೇಲೆ ಬಂತು.

"ಕಾಣ್ ಲೀಲಾ, ಏಳ್ತಾ ಇತ್ತ್! ಕಾಣ್!" ಇಬ್ಬರೂ ಪಾತ್ರೆಯ ಸುತ್ತ ಕುಣಿದೆವು.

"ಅಯ್ಯೋ, ಉಪ್ಪೆಲ್ಲ ನೀರಿಗ್ ಹಾಕಿದ್ರ್ಯಾ! ಎಂತ ಮಾಡ್ತ್ ಇದ್ರಿ ನೀವಿಬ್ರ್?" ಎಂದು ನಿನ್ನ ಅಮ್ಮ ಓಡಿಬಂದರು.

"ಲೆಕ್ಕ ಅಮ್ಮ, ಲೆಕ್ಕ!" ಎಂದು ನೀನು ನಕ್ಕು ನಕ್ಕು ನೆಲಕ್ಕೆ ಕೂತೆ. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಮರುದಿನ ತರಗತಿಯಲ್ಲಿ ಎದ್ದುನಿಂತು ಮಾವಿನಕಾಯಿಯ ಕತೆ ಹೇಳಿ ಹೊಗಳಿಸಿಕೊಂಡವಳು ಮಾತ್ರ — ನಾನು. ನೀನು ಪಕ್ಕದಲ್ಲಿ ಕೂತು ಹೆಮ್ಮೆಪಡುತ್ತಿದ್ದೆ. ನನ್ನ ಬಗ್ಗೆ.

ಕೊನೆಯ ಪರೀಕ್ಷೆಯಲ್ಲಿ ನಮ್ಮಿಬ್ಬರನ್ನೂ ದೂರ ದೂರ ಕೂರಿಸಿದರು. ಗಣಿತದಲ್ಲಿ ಇಡೀ ಶಾಲೆಗೆ ನೀನು ಮೊದಲು. ನಾನು ಹೇಗೋ ಪಾರಾಗಿದ್ದೆ, ಅಷ್ಟೇ. ನೀನು ಅತ್ತೆ. "ಹೇಳ್ಕೊಟ್ಟವ್ಳಿಗೇ ಹೀಂಗಾಯ್ತಲ್ಲೆ!" ಎಂದು. ಪರೀಕ್ಷೆಯ ದಿನ ಜ್ವರವಿತ್ತು ಎಂದೆ ನಾನು. ಜ್ವರವಿರಲಿಲ್ಲ, ಕಲ್ಯಾಣಿ. ಬೆಳಿಗ್ಗೆ ಗಂಜಿ ಉಂಡು ಗಟ್ಟಿಮುಟ್ಟಾಗಿ ಹೋಗಿದ್ದೆ.

ಅಲ್ಲಿಯವರೆಗಿನದು ಹುಡುಗಾಟ ಎನ್ನಬಹುದಿತ್ತೇನೋ. ಮುಂದಿನದು ಹಾಗಲ್ಲ. ನಿನ್ನ ಅಪ್ಪಯ್ಯ ನಿನ್ನನ್ನು ಮಂಗಳೂರಿನ ಕಾಲೇಜಿಗೆ ಕಳಿಸಲು ಒಪ್ಪಿದರು. ನನಗೆ ಬೈಂದೂರಿನಲ್ಲಿ ಗಂಡು ನಿಶ್ಚಯವಾಗಿತ್ತು. ನೀನು ಹೊರಟ ದಿನ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಹಿಂದೆ ನಿಂತು ಬಸ್ಸಿನವನು ಒಲೆಗೆ ಗಾಳಿ ಹಾಕುತ್ತಿದ್ದ. ಬಸ್ಸು ಹೊರಡಲು ತಡವಿತ್ತು, ಮಾತಿಗೆ ಬೇಕಾದಷ್ಟು ಸಮಯವಿತ್ತು. ಕಾಲೇಜಿನಲ್ಲಿ ಓದುವ ವಿಷಯದ ಮಾತು ಬಂದಾಗ ನೀನು ಹೇಳಿದೆ: "ನಾ ಲೆಕ್ಕ ತಕಂತಿಲ್ಲೆ. ಚರಿತ್ರೆ ತಕಂತೆ. ನೀನಿಲ್ದೆ ನಂಗೆ ಲೆಕ್ಕ ಆಪುದಲ್ಲ."

"ಕಲ್ಯಾಣಿ, ನಾ ನಿಂಗೆ ಎಂತದೂ ಹೇಳ್ಕೊಡ್ಲಿಲ್ಲೆ. ಎಲ್ಲ ನೀನೇ ಮಾಡಿದ್ದ್" ಎಂದೆ ನಾನು.

"ಹೇಳ್ಕೊಟ್ಟವ್ರೆಲ್ಲ ಹಂಗೇ ಹೇಳುದ್. ಸುಮ್ನಿರ್ ಮಾರಾಯ್ತಿ!" ಎಂದು ನೀನು ನಕ್ಕುಬಿಟ್ಟೆ.

ನಾನು ಇನ್ನೊಂದೇ ಮಾತು ಹೇಳಬೇಕಿತ್ತು: ಜ್ವರ ಸುಳ್ಳು ಎಂದು. ಹೇಳಿದ್ದರೆ ನೀನು ನಂಬುತ್ತಿದ್ದೆ. ನನಗದು ಗೊತ್ತಿತ್ತು. ಗೊತ್ತಿದ್ದೇ — ನಾನೂ ನಿನ್ನ ಜೊತೆ ನಕ್ಕೆ. ನೀನು ಬಸ್ಸು ಹತ್ತಿದೆ.

ಚರಿತ್ರೆ ಓದಿ ನೀನು ಬ್ರಹ್ಮಾವರದಲ್ಲಿ ಟೀಚರಾದೆ. ಲೆಕ್ಕ ನಿನ್ನನ್ನು ಬಿಡಲಿಲ್ಲ ಎಂದು ಆಮೇಲೆ ನಾನು ಕೇಳಿದೆ. ಗಣಿತದವರು ರಜೆ ಹಾಕಿದಾಗ ನಿನ್ನನ್ನು ಆ ತರಗತಿಗೆ ಕಳಿಸಿದರಂತೆ. ನೀನು ಹೋಗಿ, "ಏನು ಕೊಟ್ಟಿದ್ದಾರೆ? ಏನು ಕೇಳಿದ್ದಾರೆ? ಮುಂದೆ ಏನು?" ಎಂದು ಮಕ್ಕಳಿಂದಲೇ ಲೆಕ್ಕ ಬಿಡಿಸಿದೆಯಂತೆ. ಮಕ್ಕಳು ನಿನ್ನನ್ನು ಬಿಡಲೊಲ್ಲರಾದರಂತೆ. ನಿವೃತ್ತಿಯವರೆಗೂ ನೀನು ಸಣ್ಣ ತರಗತಿಗಳಿಗೆ ಲೆಕ್ಕ ಹೇಳಿಕೊಟ್ಟೆ, ಪ್ರತಿ ವರ್ಷವೂ ಮಕ್ಕಳ ಮುಂದೆ ನನ್ನ ಹೆಸರು ಹೇಳಿದೆ. ಕೇಳಿ ನನಗೆ ಎಷ್ಟು ಸಂತೋಷವಾಯಿತು! ನಾಚಿಕೆಯೂ ಆಯಿತು. ಕಾಲೇಜಿನಲ್ಲಿ ಲೆಕ್ಕ ಓದಿದ್ದರೆ ನೀನು ಎಲ್ಲಿಗೆ ಮುಟ್ಟುತ್ತಿದ್ದೆಯೋ — ಅದನ್ನು ನಾನು ಲೆಕ್ಕ ಹಾಕಲಾರೆ.

ಕಳೆದ ತಿಂಗಳು ನಿಮ್ಮ ಮನೆಗೆ ಬಂದೆನಲ್ಲ, ನೀನು ನಿನ್ನ ಮೊಮ್ಮಗಳನ್ನು ನನ್ನ ಮುಂದೆ ಕೂರಿಸಿದೆ. "ಇವರೇ ನನ್ನ ಲೆಕ್ಕದ ಟೀಚರ್. ನಿನ್ನ ಲೆಕ್ಕ ಇವರತ್ರ ಕೇಳ್" ಎಂದು ನೀನು ಕಾಫಿ ಮಾಡಲು ಒಳಗೆ ಹೋದೆ. ನಾನು ಎಂದಿನಂತೆ "ಮುಂದೆ ಎಂತ?" ಎಂದು ಕೇಳಿದೆ. ಹುಡುಗಿ ತಾನೇ ಬಿಡಿಸಿದಳು — ಥೇಟ್ ನೀನೇ! ಆದರೆ ಅವಳು ನಿನ್ನ ಹಾಗೆ ನನ್ನ ಕೈ ಹಿಡಿಯಲಿಲ್ಲ. ತಲೆ ಓರೆ ಮಾಡಿ ನನ್ನ ಮುಖವನ್ನೇ ನೋಡಿದಳು.

"ಅಜ್ಜಿ, ನಿಮ್ಗೆ ಈ ಲೆಕ್ಕ ನಿಜವಾಗ್ಲೂ ಬತ್ತಾ?"

"ಬತ್ತ್ ಮಗಾ, ಬರ್ದೆ ಎಂತ!" ಎಂದೆ. ಈ ವಯಸ್ಸಿನಲ್ಲೂ.

ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಇಷ್ಟನ್ನೂ ನಿನ್ನೆದುರು ಕೂತು ನಾನೇ ಓದುತ್ತೇನೆ, ಜ್ವರದ ಮಾತನ್ನೂ ಬಿಡದೆ. ಆ ಹುಡುಗಿಯೂ ಪಕ್ಕದಲ್ಲಿರಲಿ. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರ ಇನ್ನೂ ಕೊಟ್ಟಿಲ್ಲ: ಇಲ್ಲ ಮಗಾ. ನನಗೆ ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ನಿನ್ನ ಅಜ್ಜಿಗೆ.