ಹಲಸಿನ ಮಣೆಯ ಗಿಟಾರು

ನಮ್ಮ ಸೊಸೈಟಿಯ ಗಣಪತಿ ಮಂಟಪದಲ್ಲಿ ಮೈಕ್ ಹಾಕಿದ ಕೂಡಲೇ, ಯಾರೂ ಇನ್ನೂ ಮಾತಾಡುವ ಮೊದಲು, ಸ್ಪೀಕರಿನಿಂದ ಗುಂಯ್ ಎಂದು ಒಂದು ಸದ್ದು ಹೊರಡುತ್ತದೆ. ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಕಮಿಟಿಯವರು ಮೈಕಿನವನನ್ನು ಬೈಯುತ್ತಾರೆ. ಅವನು ಬಂದು ಯಾವುದೋ ವೈರನ್ನು ಅಲ್ಲಾಡಿಸಿ ಅದನ್ನು ನಿಲ್ಲಿಸುತ್ತಾನೆ. ನಾನು ಮಾತ್ರ ಅದು ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದುಕೊಳ್ಳುತ್ತೇನೆ. ಆ ಸದ್ದಿನ ಬೆನ್ನಿಗೇ ನನಗೆ ಸೋಲ್ಡರಿಂಗಿನ ಹೊಗೆಯ ವಾಸನೆ ಬರುತ್ತದೆ, ಅದರ ಜೊತೆಗೆ ಕೊಬ್ಬರಿ ಎಣ್ಣೆಯ ಒಗ್ಗರಣೆ, ಉಜ್ಜಿದ ಹಲಸಿನ ಮರದ ಹಳದಿ ಹುಡಿ, ಹೊಲಿಗೆ ಮೆಷಿನಿನ ಎಣ್ಣೆ. ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ, ಕಬ್ಬಿಣದ ಜಾಲರಿ ಹಾಕಿದ ಗ್ಯಾಲರಿ. ಅದರೊಳಗೆ ಐದು ಜನ ಹೇಗೆ ಮಲಗುತ್ತಿದ್ದೆವು ಎಂದು ಈಗಿನವರು ಕೇಳುತ್ತಾರೆ. ಅಂಥ ಮನೆಯಲ್ಲಿ ಬೆಳೆದವರು ಕೇಳುವುದಿಲ್ಲ, ಅವರಿಗೆ ಗೊತ್ತು.

ಐದು ಜನ ಎಂದರೆ ಅಪ್ಪ, ಅಮ್ಮ, ಅಜ್ಜಿ, ನಾನು, ಚಿಕ್ಕಪ್ಪ. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದರು. ಚಿಕ್ಕಪ್ಪ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಮದುವೆಯಾಗಿರಲಿಲ್ಲ, ಗ್ಯಾಲರಿಯಲ್ಲಿ ಹಾಸಿಗೆ. ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಯಾರೋ ಎಲೆಕ್ಟ್ರಿಕ್ ಗಿಟಾರು ನುಡಿಸಿದ್ದನ್ನು ಕೇಳಿ ಬಂದು ಹುಚ್ಚು ಹಿಡಿದವಳಂತೆ ಆಡುತ್ತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಚಿಕ್ಕಪ್ಪ ಮಾತ್ರ, "ಅದನ್ನು ಕೊಂಡು ತರ್ಲಿಕ್ಕೆ ಎಂತ ಉಂಟು? ನಾವೇ ಮಾಡುವ," ಎಂದರು. ಆ ಹೊತ್ತಿಗೆ ಅಜ್ಜಿ ತೀರಿಹೋಗಿ ವರ್ಷ ತುಂಬಿತ್ತು. ಊರಿನಿಂದ ಅಜ್ಜಿ ತನ್ನ ಜೊತೆ ಬಸ್ಸಿನಲ್ಲಿ ಹೊತ್ತುಕೊಂಡು ಬಂದಿದ್ದ ಹಲಸಿನ ಮಣೆಯೊಂದು ಮಂಚದಡಿಯಲ್ಲಿ ಬಿದ್ದಿತ್ತು. ಅಗಲ, ದಪ್ಪ, ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರ. ಡೈನಿಂಗ್ ಟೇಬಲ್ ಬಂದ ಮೇಲೆ ಅದರ ಮೇಲೆ ಕೂರುವವರೇ ಇರಲಿಲ್ಲ.

"ಕೂರುವ ಮಣೆಯನ್ನು ಯಾರಾದ್ರೂ ಎದೆಗೆ ಒರಗಿಸಿಕೊಳ್ತಾರಾ?" ಎಂದು ಅಮ್ಮ ನಕ್ಕಳು. "ಹಲಸಿನ ಮರಕ್ಕೆ ನಾದ ಉಂಟು ಅತ್ತಿಗೆ. ಮದ್ದಳೆ ಯಾವುದರದ್ದು? ವೀಣೆ ಯಾವುದರದ್ದು?" ಎಂದು ಚಿಕ್ಕಪ್ಪ ಹೇಳಿ ಅವಳ ಬಾಯಿ ಮುಚ್ಚಿಸಿದರು. ಮಣೆಯ ಅಂಚುಗಳನ್ನು ಉಜ್ಜಿ ದುಂಡು ಮಾಡಿದೆವು, ಕೈ ಆಡಲು ಒಂದು ಮೂಲೆಯನ್ನು ಕೊರೆದೆವು, ಹೊಟ್ಟೆಯಲ್ಲಿ ವೈರುಗಳಿಗೆ ಒಂದು ಗುಳಿ ಮಾಡಿದೆವು. ಅದಕ್ಕಿಂತ ಹೆಚ್ಚು ಕೆತ್ತಲು ಚಿಕ್ಕಪ್ಪನಿಗೆ ಮನಸ್ಸು ಬರಲಿಲ್ಲ, ಹಾಗಾಗಿ ಕೊನೆಯವರೆಗೂ ಅದು ಮಣೆಯಾಗಿಯೇ ಕಾಣುತ್ತಿತ್ತು. ಗಿಟಾರಿನ ಕುತ್ತಿಗೆ, ಅಂದರೆ ಬೆರಳೊತ್ತುವ ಉದ್ದನೆಯ ಕೋಲು, ಮನೆಯಲ್ಲಿ ಮಾಡಲು ಆಗುವಂಥದ್ದಲ್ಲ. ಅದನ್ನು ಚಿಕ್ಕಪ್ಪ ಕಾರ್ಖಾನೆಯ ಸ್ನೇಹಿತನೊಬ್ಬನ ಮುರಿದ ಗಿಟಾರಿನಿಂದ ಬಿಚ್ಚಿ ತಂದರು. ನಾಲ್ಕು ಉದ್ದನೆಯ ಸ್ಕ್ರೂಗಳಿಂದ ಅದು ಮಣೆಗೆ ಗಟ್ಟಿಯಾಗಿ ಕೂತಿತು. ತಂತಿಯ ಅಲುಗಾಟವನ್ನು ಹಿಡಿಯುವ ಪಿಕಪ್ಪನ್ನು ಮಾತ್ರ ನಾವೇ ಸುತ್ತಿದೆವು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಬೇಕು. ಅದಕ್ಕೆ ಅಮ್ಮನ ಹೊಲಿಗೆ ಮೆಷಿನಿನಲ್ಲಿ ಬಾಬಿನ್‌ಗೆ ನೂಲು ಸುತ್ತುವ ಚಕ್ರವೇ ಆಧಾರ. ಅಮ್ಮ ಪೆಡಲು ತುಳಿಯುವುದು, ನಾನು ಎರಡು ಬೆರಳ ನಡುವೆ ತಂತಿಯನ್ನು ಹದವಾಗಿ ಬಿಡುವುದು, ಚಿಕ್ಕಪ್ಪ ಪಕ್ಕದಲ್ಲಿ ಕೂತು, "ನಿಧಾನ, ನಿಧಾನ, ಈಗ ಸ್ವಲ್ಪ ಬಿಡು," ಎನ್ನುವುದು. ನಾನು ಸ್ವಲ್ಪ ಎಳೆದರೆ ತಂತಿ ಪಟ್ಟನೆ ಹರಿಯುತ್ತಿತ್ತು, ಮೊದಲಿನಿಂದ ಶುರು. ಪಕ್ಕದ ಮನೆಯವರು ಹೊಲಿಯಲು ಕೊಟ್ಟ ಬ್ಲೌಸುಗಳು ಹಾಗೆಯೇ ಬಿದ್ದಿದ್ದವು. ಅಮ್ಮ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಬೆಸುಗೆ ಹಾಕುವ ಕೆಲಸ ಪೂರ್ತಿ ನನ್ನದು. ಚಿಕ್ಕಪ್ಪ ಕಾದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನು ಮುಟ್ಟುವುದಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನೀನೇ ಮಾಡಿದ್ದು ಅಂತ ಹೇಳ್ಲಿಕ್ಕಾಗ್ಬೇಕು." ಒಂದು ಭಾನುವಾರ ಹಳೆಯ ಟೇಪ್‌ರೆಕಾರ್ಡರಿನ ಮೈಕ್ ತೂತಿಗೆ ಗಿಟಾರಿನ ವೈರು ಚುಚ್ಚಿದೆವು. ಗುಂಯ್ ಎಂದು ಮನೆಯಿಡೀ ತುಂಬುವ ಸದ್ದು. ನಾನು ತಂತಿ ಮೀಟಿದೆ, ನಾದ ಬಂತು, ಆದರೆ ಗುಂಯ್ ಎನ್ನುವುದು ನಿಲ್ಲಲಿಲ್ಲ. ನನಗೆ ಅಳುವೇ ಬಂತು. ಚಿಕ್ಕಪ್ಪ ಗುಳಿಗೆ ಮುಚ್ಚಿದ್ದ ತಗಡು ಬಿಚ್ಚಿ ನೋಡಿ ಹಣೆ ಬಡಿದುಕೊಂಡರು. ತಂತಿಗಳನ್ನು ಕಟ್ಟಿದ ಕಬ್ಬಿಣದ ಪಟ್ಟಿಯಿಂದ ಒಳಗೆ ಬರಬೇಕಾದ ಒಂದು ವೈರನ್ನೇ ನಾವು ಮರೆತಿದ್ದೆವು. ಅದನ್ನು ಸೇರಿಸಿದ ಮೇಲೆ ಮತ್ತೆ ಗುಂಯ್ ಎಂದಿತು. ಆದರೆ ತಂತಿಯ ಮೇಲೆ ಅಂಗೈ ಇಟ್ಟ ಕೂಡಲೇ ಸುಮ್ಮನಾಯಿತು. "ನೋಡು, ಮುಟ್ಟಿದ್ರೆ ಅದು ಸುಮ್ಮನಾಗ್ಬೇಕು. ಹಾಗಾದ್ರೆ ಒಳಗೆ ಎಲ್ಲ ಸರಿ ಉಂಟು ಅಂತ ಅರ್ಥ," ಎಂದರು. ಗೋಡೆಯಾಚೆಯ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಬಾಗಿಲಿಗೆ ಬಂದು ಏನು ಸದ್ದು ಎಂದು ಕೇಳಿದಾಗ ಅಮ್ಮ ತನ್ನ ಹರಕು ಮರಾಠಿಯಲ್ಲಿ, "ಆಮ್ಚ್ಯಾ ಮುಲೀನೇ ಬನವ್ಲೀ," ಎಂದಳು. ನಮ್ಮ ಮಗಳು ಮಾಡಿದ್ದು. ಆ ಮಾತನ್ನು ನಾನು ಇವತ್ತಿಗೂ ಕಿವಿಯಲ್ಲಿ ಇಟ್ಟುಕೊಂಡಿದ್ದೇನೆ.

ಅದಾಗಿ ನುಡಿಸಲು ಒಂದೇ ಮಳೆಗಾಲ ನನಗೆ ಸಿಕ್ಕಿತು. ಚಿಕ್ಕಪ್ಪನಿಗೆ ಮದುವೆ ನಿಶ್ಚಯವಾಯಿತು. ಅದೇ ಸಮಯಕ್ಕೆ ನಮ್ಮ ಕಟ್ಟಡವನ್ನು ಕೆಡವಿ ಹೊಸತು ಕಟ್ಟುತ್ತಾರಂತೆ ಎಂಬ ಸುದ್ದಿಯೂ ಬಂತು. ಮನೆ ಯಾರ ಹೆಸರಿನಲ್ಲಿದೆ, ಯಾಕೆ ಅಪ್ಪನ ಹೆಸರಿನಲ್ಲಿ ಮಾತ್ರ ಇದೆ ಎಂಬ ಮಾತು ಶುರುವಾಯಿತು. ಅಪ್ಪ ಮತ್ತು ಚಿಕ್ಕಪ್ಪ ಜಗಳವಾಡಿದ್ದರೆ ಚೆನ್ನಾಗಿತ್ತು, ಕೂಗಾಡಿ ತಣ್ಣಗಾಗುತ್ತಿದ್ದರೇನೋ. ಅವರು ಮಾತು ಬಿಟ್ಟರು. ಎರಡು ಅಡಿ ಅಂತರದಲ್ಲಿ ಕೂತು ಉಣ್ಣುವ ಇಬ್ಬರು ಗಂಡಸರು, "ಅವನಿಗೆ ಮಜ್ಜಿಗೆ ಬೇಕಾ ಕೇಳು," "ಅಣ್ಣನಿಗೆ ಫೋನು ಬಂದಿದೆ ಅಂತ ಹೇಳು," ಎಂದು ನನ್ನ ಮೂಲಕ ಮಾತಾಡತೊಡಗಿದರು. ನಾನು ಸಿಟ್ಟಿನಿಂದ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅದನ್ನೂ ಯಾರೂ ಗಮನಿಸಲಿಲ್ಲ.

ಕೊನೆಗೆ ಪಾಲು ಮಾಡಿಕೊಡಲು ಠಾಣೆಯ ಮಾವ ಬಂದರು. ಅವರು ಅಪ್ಪ ಚಿಕ್ಕಪ್ಪ ಇಬ್ಬರಿಗೂ ಸೋದರಮಾವ, ಅಪ್ಪ ದುಡಿಯುತ್ತಿದ್ದ ಹೋಟೆಲಿನ ಧಣಿ, ನಮ್ಮ ಕಡೆಯ ಎಷ್ಟೋ ಮನೆಗಳನ್ನು ಇಬ್ಭಾಗ ಮಾಡಿಕೊಟ್ಟ ಅನುಭವಸ್ಥರು. "ಯಾರಿಗೂ ಅನ್ಯಾಯ ಆಗ್ಬಾರ್ದು," ಎಂಬುದು ಅವರ ಬಾಯಿಪಾಠ. ಅವರದೊಂದು ಕ್ರಮವಿತ್ತು: ಊರಿನ ಮನೆಯಿಂದ ಬಂದದ್ದು ಹಿರಿಯವನಿಗೆ, ಇಲ್ಲಿ ಸೇರಿಸಿದ್ದು ತಂದವನಿಗೆ. ಹಾಗೆ ಅಜ್ಜಿಯ ಕಂಚಿನ ಪಾತ್ರೆ, ದೀಪ, ಒರಳು ನಮ್ಮ ಕಡೆ ಬಂದವು. ಮಿಕ್ಸಿ, ಫ್ಯಾನು ಚಿಕ್ಕಪ್ಪನ ಕಡೆ ಹೋದವು. ಆಮೇಲೆ ಅವರ ಕಣ್ಣು ಗೋಡೆಗೆ ಒರಗಿಸಿದ್ದ ಗಿಟಾರಿನ ಮೇಲೆ ಬಿತ್ತು. "ಇದು ಯಾರದ್ದು?"

"ಅವಳದ್ದು," ಎಂದು ಚಿಕ್ಕಪ್ಪ ನನ್ನ ಕಡೆ ತೋರಿಸಿದರು.

"ಮಕ್ಕಳದ್ದು ಅಂತ ಪಾಲಿನಲ್ಲಿ ಇಲ್ಲ ಮಾರಾಯ. ಹಲಗೆ ಎಲ್ಲಿಯದ್ದು?"

"ಅಮ್ಮನ ಮಣೆ," ಎಂದರು ಅಪ್ಪ. ಅಷ್ಟು ಹೊತ್ತಿನಲ್ಲಿ ಅವರು ಆಡಿದ ಮೊದಲ ಮಾತು ಅದು. "ಊರಿನದ್ದು."

"ಮತ್ತೆ ಈ ಕೋಲು?" "ನಾನು ತಂದದ್ದು," ಎಂದರು ಚಿಕ್ಕಪ್ಪ. ಮಾವ ತಲೆಯಾಡಿಸಿದರು. ಅವರಿಗೆ ಅದು ಬಹಳ ಸುಲಭದ ಲೆಕ್ಕವಾಗಿ ಕಂಡಿತು. ಹಲಗೆ ಅಣ್ಣನಿಗೆ, ಕೋಲು ತಮ್ಮನಿಗೆ. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನೆಲ ನೋಡುತ್ತಿದ್ದಳು. ಯಾರಾದರೂ ಒಬ್ಬರು, ಇದೇನು ಹುಚ್ಚು, ಎಂದು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ನಗಲಿಲ್ಲ. ಒಬ್ಬರು ಬಿಟ್ಟುಕೊಟ್ಟರೆ ಇನ್ನೊಬ್ಬರೆದುರು ಸೋತ ಹಾಗೆ ಎಂದು ಇಬ್ಬರೂ ಹಟ ಹಿಡಿದು ಕೂತಿದ್ದರು. ಚಿಕ್ಕಪ್ಪ ಎದ್ದು ಕಟರಿನಿಂದ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದರು, ಪ್ರತಿಯೊಂದೂ ಟಣ್ ಎಂದು ಸುರುಳಿಯಾಯಿತು. ಗಿಟಾರನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದರು. ನಾಲ್ಕು ಸ್ಕ್ರೂ ಅಂಗೈಯಲ್ಲಿ ಹಿಡಿದು ನಿಂತಾಗ ಮಾವ ಒಂದು ಗಳಿಗೆ ಯೋಚಿಸಿ, "ಎರಡೆರಡು ಮಾಡಿ," ಎಂದರು. ನ್ಯಾಯ ಅಂದರೆ ನ್ಯಾಯ. ಚಿಕ್ಕಪ್ಪ ಎರಡು ಸ್ಕ್ರೂಗಳನ್ನು ಟೇಬಲಿನ ಮೇಲೆ ಅಪ್ಪನ ಎದುರಿಗಿಟ್ಟರು. ನಂತರ ಕುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಟೆಂಪೋ ಹತ್ತುವಾಗ ನನ್ನ ತಲೆ ಸವರಲು ಬಂದರು. ನಾನು ತಲೆ ಕೊಡಲಿಲ್ಲ.

ಚಿಕ್ಕಪ್ಪ ಕಾಮೋಠೆಯಲ್ಲಿ ಬಾಡಿಗೆಗೆ ಮನೆ ಮಾಡಿದರು. ಅಮ್ಮ ಮಣೆಯ ಮೇಲೆ ಅಕ್ಕಿ ಡಬ್ಬ ಇಟ್ಟಳು. ತಂತಿ ಕಟ್ಟುವ ಕಬ್ಬಿಣದ ಪಟ್ಟಿ ಡಬ್ಬಕ್ಕೆ ಅಡ್ಡವಾಗುತ್ತದೆಂದು ಅಪ್ಪ ಅದನ್ನು ಬಿಚ್ಚಿದಾಗ ಅಮ್ಮ ಎಸೆಯಲು ಬಿಡದೆ ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿ ಹಾಕಿದಳು. "ಮಣೆ ಮಣೆಯ ಕೆಲಸಕ್ಕೇ ಬಂತು," ಎಂದು ಒಂದು ಸಲ ಹೇಳಿದಳು, ಆ ಮಾತಿನಲ್ಲಿ ನಗು ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ಕಟ್ಟಡ ನಿಜವಾಗಿಯೂ ನೆಲಕ್ಕೆ ಬಂತು. ನಾವು ಠಾಣೆಗೆ ಬಂದೆವು, ಅಕ್ಕಿ ಡಬ್ಬದ ಜೊತೆ ಮಣೆಯೂ ಬಂತು. ಯಾವ ಮನೆಗಾಗಿ ಅಣ್ಣತಮ್ಮಂದಿರು ದೂರವಾದರೋ ಆ ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲಿಸುವ ಜಾಗವಿದೆ.

ಅದಾದ ಮೇಲೆ ಒಂದು ದಿನ ಬೆಳಿಗ್ಗೆ ಠಾಣೆ ಲೋಕಲ್ ಹತ್ತುವಾಗ ಚಿಕ್ಕಪ್ಪನ ಎದೆಬಡಿತ ನಿಂತಿತು. ಅಪ್ಪ ಹೆಗಲು ಕೊಟ್ಟು, ಸ್ಮಶಾನಕ್ಕೆ ಹೋಗಿ ಬಂದರು. ವೈಕುಂಠ ಸಮಾರಾಧನೆಗೆ ನಾನೊಬ್ಬಳೇ ಕಾಮೋಠೆಗೆ ಹೋದೆ. ಊಟವಾಗಿ ಜನ ಚದುರಿದ ಮೇಲೆ ಚಿಕ್ಕಮ್ಮ ಒಳಕೋಣೆಯಿಂದ ಒಂದು ಗಿಟಾರು ತಂದರು. ಪ್ಲೈವುಡ್ಡಿನ ಹೊಟ್ಟೆಗೆ ನಮ್ಮ ಆ ಕುತ್ತಿಗೆ. ತಿರುಗಿಸಿ ನೋಡಿದೆ. ಸ್ಕ್ರೂ ಎರಡೇ ಇದ್ದವು, ಉಳಿದ ಎರಡು ತೂತು ಖಾಲಿ.

"ಶ್ರುತಿಯೇ ನಿಲ್ತಿರಲಿಲ್ಲ," ಎಂದರು ಚಿಕ್ಕಮ್ಮ. "ಎರಡು ಸ್ಕ್ರೂವಿನಲ್ಲಿ ಅಲ್ಲಾಡ್ತದಲ್ಲ. ಪ್ರತಿ ಭಾನುವಾರ ಕೂತು ಶ್ರುತಿ ಮಾಡುವುದು, ಅದು ಪುನಃ ಇಳಿಯುವುದು. ನಾನು ಹೇಳ್ತಿದ್ದೆ, ಇಡೀ ದಿನ ಸ್ಕ್ರೂವಿನ ನಡುವೆಯೇ ಕೆಲಸ ಮಾಡ್ತೀರಿ, ಎರಡು ತಂದು ಹಾಕ್ಲಿಕ್ಕೆ ಆಗುದಿಲ್ವಾ? ಅದರದ್ದು ಅಣ್ಣನ ಹತ್ರ ಉಂಟು, ಅಂತಿದ್ರು."

ನನಗೆ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. ಡೊಂಬಿವಲಿಗೂ ಕಾಮೋಠೆಗೂ ನಡುವೆ ಎಷ್ಟು ದೂರ? ಒಂದು ಭಾನುವಾರ ಬಂದು ಕೇಳಬಹುದಿತ್ತು. ಒಂದು ಭಾನುವಾರ ಹೋಗಿ ಕೊಡಬಹುದಿತ್ತು. ನಾನೇ ಹೋಗಿದ್ದರೂ ಆಗುತ್ತಿತ್ತೆಂದು ನೀವು ಹೇಳಬಹುದು, ಆದರೆ ಮಕ್ಕಳದ್ದು ಅಂತ ಪಾಲಿನಲ್ಲಿ ಇಲ್ಲ ಎಂದು ಹಿರಿಯರೇ ಹೇಳಿಬಿಟ್ಟಿದ್ದರಲ್ಲ.

ಚಿಕ್ಕಮ್ಮ ಕುತ್ತಿಗೆಯನ್ನು ಬಿಚ್ಚಿಸಿ, ಆ ಎರಡು ಸ್ಕ್ರೂ, ತಂತಿಗಳ ಸಮೇತ ನನಗೇ ಕೊಟ್ಟರು. ಮನೆಗೆ ಬಂದು ಅಕ್ಕಿ ಡಬ್ಬವನ್ನು ಕೆಳಗಿಳಿಸಿ, ಮಣೆಯನ್ನು ಒರೆಸಿ, ಪಟ್ಟಿಯನ್ನು ಕೂರಿಸಿದೆ. ಹೊಟ್ಟೆಯೊಳಗಿನ ನನ್ನ ಬೆಸುಗೆಗಳು ಕಪ್ಪಾಗಿದ್ದವು, ಆದರೂ ಒಂದೂ ಬಿಟ್ಟಿರಲಿಲ್ಲ. ಚಿಕ್ಕಪ್ಪನ ಎರಡು ಸ್ಕ್ರೂಗಳಿಂದ ಕುತ್ತಿಗೆಯನ್ನು ಬಿಗಿದು, ತಂತಿ ಕಟ್ಟಿ, ಅಪ್ಪನ ಮುಂದೆ ಹೋಗಿ ನಿಂತು, "ನಿಮ್ಮ ಪಾಲಿನ ಎರಡು ಸ್ಕ್ರೂ ಎಲ್ಲಿ?" ಎಂದು ಕೇಳಿದೆ. ಅವರಿಗೆ ಮರೆತಿರುತ್ತದೆ ಎಂದುಕೊಂಡಿದ್ದೆ. ಮರೆತಿರಲಿಲ್ಲ.

"ಅದಾ? ಅವನು ಹೋದ ಸಂಜೆಯೇ ಬಾಗಿಲಿನ ಚಿಲಕಕ್ಕೆ ಹಾಕಿದೆ," ಎಂದರು. "ಚಿಲಕ ಸಡಿಲ ಇತ್ತು. ಒಳ್ಳೆ ಉದ್ದದ ಸ್ಕ್ರೂ. ಕಟ್ಟಡ ಬೀಳುವ ತನಕ ಆ ಬಾಗಿಲು ಅಲ್ಲಾಡ್ಲಿಲ್ಲ ನೋಡು."

ಅಪ್ಪ ಮತ್ತೆ ಪೇಪರು ಎತ್ತಿಕೊಂಡರು. ಆದರೆ ಪುಟ ತಿರುಗಿಸಲಿಲ್ಲ. ನಾನು ಒಳಗೆ ಬಂದು ಗಿಟಾರನ್ನು ಸ್ಪೀಕರಿಗೆ ಚುಚ್ಚಿದೆ. ಗುಂಯ್ ಎಂದಿತು. ತಂತಿಗಳ ಮೇಲೆ ಅಂಗೈ ಇಟ್ಟೆ, ಸುಮ್ಮನಾಯಿತು. ಕೈ ತೆಗೆದೆ, ಮತ್ತೆ ಶುರುವಾಯಿತು.