ರಟ್ಟಕ್ಕ ಮತ್ತು ಲಿಫ್ಟಿನ ರಿಜಿಸ್ಟರು

ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಸೂಜಿ ದಾರ ಹಿಡಿದು ಕೂತವಳಿಗೆ ಜೊತೆಯವರು ಇಟ್ಟ ಹೆಸರು ರಟ್ಟಕ್ಕ. ಹಾಳೆ ಮಡಚುವುದು, ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು, ರಟ್ಟು ಕೂರಿಸಿ ಭಾರ ಹೇರುವುದು, ಇಷ್ಟು ಅವಳ ದಿನ. ಕೈ ನಿಧಾನ, ನಾಲಿಗೆ ಚುರುಕು, ಸಿಟ್ಟಿಗೆ ಮಾತ್ರ ಅಳತೆಯಿಲ್ಲ. ಸೊಟ್ಟಗೆ ಕತ್ತರಿಸಿದ ಹಾಳೆಗಳನ್ನು ಮಾಲೀಕ ತಂದು ಮುಂದಿಟ್ಟಾಗ, ಇದನ್ನು ಹೊಲಿಯುವುದಕ್ಕೆ ನನ್ನ ಸೂಜಿ ಬೇಡ, ನಿಮಗೊಂದು ಕನ್ನಡಕ ಬೇಕು ಎಂದು ಹಿಂದಕ್ಕೆ ತಳ್ಳಿದ್ದಳು. ಮಾಲೀಕ ನಕ್ಕು ಹೋಗಿ ಬೇರೆ ಹಾಳೆ ಕತ್ತರಿಸಿ ತಂದಿದ್ದ.

ಅವಳ ಗಂಡ ಒಂಬತ್ತು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ಲಿಫ್ಟ್ ಮೆಕ್ಯಾನಿಕ್. ಒಂದು ಮಂಗಳವಾರ ಬೆಳಿಗ್ಗೆ ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ನಿಂತು ರಿಪೇರಿ ಮಾಡುತ್ತಿದ್ದಾಗ ಡಬ್ಬಿ ಮೇಲಕ್ಕೆ ಜಾರಿತು. ಖಾಲಿ ಡಬ್ಬಿಗಿಂತ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಭಾರವೇ ಹೆಚ್ಚಂತೆ. ಬ್ರೇಕು ಹಿಡಿಯದಿದ್ದರೆ ಡಬ್ಬಿ ಮೇಲೆ ಹೋಗುತ್ತದೆಯೇ ಹೊರತು ಕೆಳಗಲ್ಲ. ಡಬ್ಬಿಗೂ ಚಾವಣಿಗೂ ನಡುವೆ ಸಿಕ್ಕವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಬೆಳಿಗ್ಗೆ ಚಪ್ಪಲಿಯ ಉಂಗುಷ್ಠ ಕಿತ್ತಿದೆ, ಸಂಜೆ ಬಂದು ಹೊಲಿದುಕೊಡು ಎಂದು ನಗುತ್ತಾ ಹೋದವನು.

ಪೊಲೀಸರು ಲಿಫ್ಟ್ ನಡೆಸುತ್ತಿದ್ದ ಮುದುಕನ ಮೇಲೆ ಕೇಸು ಹಾಕಿದರು. ಎಲ್ಲರೂ ಲಿಫ್ಟಜ್ಜ ಎನ್ನುತ್ತಿದ್ದ ಆತ, ಮೇಲೆ ಮನುಷ್ಯನಿದ್ದಾನೆ ಎಂದು ಗೊತ್ತಿದ್ದೂ ಗುಂಡಿ ಒತ್ತಿದನೆಂದು ಅವರ ವಾದ. ಕಟ್ಟಡದ ಕಂಪನಿಯ ಮೇಲೆ ರಟ್ಟಕ್ಕ ಬೇರೆಯೇ ಒಂದು ದಾವೆ ಹಾಕಿದಳು. ಹೀಗೆ ಒಂದೇ ಸಾವಿಗೆ ಎರಡು ಕೇಸು, ಒಂದೇ ಅಂಗಳದ ಎರಡು ಕೋರ್ಟು ಹಾಲು.

ದಾವೆಗೆ ಕಂಪನಿ ಬರೆದುಕೊಟ್ಟ ಉತ್ತರವನ್ನು ಅವಳ ವಕೀಲೆ ಓದಿ ಹೇಳಿದಳು. ವಕೀಲೆ ಕುಳ್ಳಿ, ಹಳೆ ಕಡತದ ಧೂಳಿಗೆ ವರ್ಷವಿಡೀ ನೆಗಡಿ. ಏಳನೆಯ ಕಲಮಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡಳು. ಅದರಲ್ಲಿ ಹೀಗಿತ್ತು: ಮೃತನು ಅಂದು ಮದ್ಯಪಾನ ಮಾಡಿ ಕೆಲಸಕ್ಕೆ ಬಂದಿದ್ದನು, ತನ್ನ ಅಜಾಗರೂಕತೆಯಿಂದಲೇ ಮೃತಪಟ್ಟನು, ಲಿಫ್ಟಿನಲ್ಲಿ ಯಾವ ದೋಷವೂ ಇರಲಿಲ್ಲ.

ಅಂಗಡಿಯ ಅಂಟಿನ ವಾಸನೆಗೇ ತಲೆ ತಿರುಗುತ್ತದೆ ಎಂದು ಬಾಗಿಲಾಚೆ ನಿಂತು ಹೆಂಡತಿಯನ್ನು ಕೂಗುತ್ತಿದ್ದ ಮನುಷ್ಯ ಅವನು. ರಟ್ಟಕ್ಕನ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು. ಆದರೆ ಅವಳನ್ನು ಹೆಚ್ಚು ಸುಟ್ಟಿದ್ದು ಆ ಕಾಗದವಲ್ಲ. ಗಂಡನ ಅಣ್ಣ ಅದನ್ನು ಎರಡು ಸಲ ಓದಿ, ಮಡಚಿ ಅವಳ ಕೈಗೆ ಕೊಟ್ಟು ಹೇಳಿದ ಮಾತು.

"ಹೊರಗೆ ಹೋದಾಗ ಏನು ಮಾಡ್ತಿದ್ನೋ, ನಮಗೇನು ಗೊತ್ತಮ್ಮ. ದೊಡ್ಡೋರು ಸುಮ್ಮಸುಮ್ನೆ ಬರೀತಾರಾ? ಏನಾದ್ರೂ ಕೊಡ್ತೀವಿ ಅಂದ್ರೆ ತಗೊಂಡು ರಾಜಿ ಆಗೋದು ಮೇಲು."

ಅವಳು ಕಾಗದವನ್ನು ಚೀಲಕ್ಕೆ ಸೇರಿಸಿ ಎದ್ದಳು.

ಮರುದಿನ ನೆಟ್ಟಗೆ ಲಿಫ್ಟಜ್ಜನ ಮನೆಗೆ ಹೋದಳು. ಮುಖಕ್ಕೆ ಉಗಿಯಬೇಕೆಂದೇ ಹೋಗಿದ್ದಳು. ಜಾಮೀನಿನ ಮೇಲೆ ಹೊರಗಿದ್ದ ಮುದುಕ ಬಾಗಿಲು ತೆಗೆದು, ಅವಳನ್ನು ಕಂಡು, ಬೈಯುವುದಕ್ಕೂ ಬಿಡದೆ ಒಳಗಿಂದ ಕಾಗದದ ಕಟ್ಟೊಂದನ್ನು ತಂದು ಅವಳ ಕೈಗಿಟ್ಟ. ಆರೋಪಿಯ ಮೇಲೆ ಪೊಲೀಸರು ಏನೇನು ತೋರಿಸಲಿದ್ದಾರೋ ಅದರ ಪ್ರತಿಯನ್ನು ಮೊದಲೇ ಅವನ ಕೈಗೆ ಕೊಡಬೇಕು. ಅದು ಆ ಕಟ್ಟು. ಗುಂಡಿ ಒತ್ತಿಲ್ಲ ಎಂದು ಅಜ್ಜ ಆಣೆ ಇಡಲಿಲ್ಲ, ಅಳಲೂ ಇಲ್ಲ. ಬ್ರೇಕು ಜಾರುತ್ತಿದೆ ಎಂದು ನಾನು ನಾಲ್ಕು ಸಲ, ನಿನ್ನ ಗಂಡ ಒಂದು ಸಲ ಲಿಫ್ಟಿನ ರಿಜಿಸ್ಟರಿನಲ್ಲಿ ಬರೆದಿದ್ದೆವು, ಆ ಹಾಳೆಗಳು ಮಾತ್ರ ಇದರಲ್ಲಿ ಇಲ್ಲ ಎಂದ.

"ನಾನು ಓದಿದ್ದು ನಾಲ್ಕನೇ ಕ್ಲಾಸು, ತಾಯಿ. ಬ್ರೇಕು ಅನ್ನೋದನ್ನ ಹೆಂಗೆ ಬರೀಬೇಕು ಅಂತ ನಿನ್ನ ಗಂಡನೇ ಹೇಳಿಕೊಟ್ಟಿದ್ದ."

ಉಗಿಯಲು ಹೋದವಳು ಆ ಕಟ್ಟನ್ನು ಎದೆಗೆ ಒತ್ತಿಕೊಂಡು ವಕೀಲೆಯ ಕೋಣೆಗೆ ಬಂದಳು. ವಕೀಲೆ ಹಾಳೆ ಹಾಳೆ ತಿರುವಿ ಎರಡು ಕಾಗದ ಹೊರಗೆ ತೆಗೆದಳು. ಒಂದು, ಪೊಲೀಸರು ವಶಪಡಿಸಿಕೊಂಡ ವಸ್ತುಗಳ ಪಟ್ಟಿ: ಹಸಿರು ರಟ್ಟಿನ ರಿಜಿಸ್ಟರು ಒಂದು, ಹಾಳೆ ತೊಂಬತ್ತಾರು. ಇನ್ನೊಂದು, ದಿನಬಳಕೆಗೆ ಬೇಕೆಂದು ಅದನ್ನು ಠಾಣೆಯಿಂದ ವಾಪಸು ಪಡೆದ ರಸೀದಿ, ಕೆಳಗೆ ಕಂಪನಿಯ ಮ್ಯಾನೇಜರನ ಸಹಿ. ಅಪಘಾತವಾದ ದಿನದ ಎರಡು ಪುಟವನ್ನಷ್ಟೇ ಕೇಸಿಗೆ ಲಗತ್ತಿಸಿದ್ದರು.

ಈ ರಸೀದಿ ತನ್ನ ಹತ್ತಿರ ಇದೆ ಎಂದು ವಕೀಲೆ ಯಾರಿಗೂ ಬಾಯಿ ಬಿಡಲಿಲ್ಲ. ಮೊದಲು ಕೋರ್ಟಿಗೆ ಒಂದು ಅರ್ಜಿ ಹಾಕಿದಳು: ಲಿಫ್ಟಿಗೆ ಸಂಬಂಧಪಟ್ಟ ಯಾವ ಯಾವ ಕಾಗದ ಪತ್ರ ನಿಮ್ಮ ಬಳಿ ಇವೆ, ಇದ್ದವು, ಈಗ ಎಲ್ಲಿವೆ, ಕಂಪನಿ ಪ್ರಮಾಣ ಮಾಡಿ ತಿಳಿಸಲಿ. ಸಿವಿಲ್ ದಾವೆಯಲ್ಲಿ ಎದುರಿನವರ ಪೆಟ್ಟಿಗೆ ಹೀಗೆ ತೆಗೆಸಬಹುದು, ಆದರೆ ಏನಿದೆ ಎಂದು ಮೊದಲು ಅವರ ಬಾಯಿಂದಲೇ ಹೇಳಿಸಬೇಕು ಎಂದು ರಟ್ಟಕ್ಕನಿಗೆ ವಿವರಿಸಿದಳು. ಕಂಪನಿ ವಿಚಾರಣೆಯ ಐದು ತಾರೀಖು ನುಂಗಿತು. ಆರನೆಯ ತಾರೀಖಿಗೆ ಮ್ಯಾನೇಜರ್ ಪ್ರಮಾಣ ಮಾಡಿ ಬರೆದುಕೊಟ್ಟ: ರಿಜಿಸ್ಟರು ಪೊಲೀಸರ ವಶದಲ್ಲಿದೆ, ನಮ್ಮ ಬಳಿ ಇಲ್ಲ.

ವಕೀಲೆ ರಸೀದಿಯನ್ನು ನ್ಯಾಯಾಧೀಶರ ಮೇಜಿನ ಮೇಲಿಟ್ಟಳು. ನ್ಯಾಯಾಧೀಶರು ಅದನ್ನು ಓದಿ, ಕನ್ನಡಕ ತೆಗೆದು ಕಂಪನಿಯ ವಕೀಲರ ಕಡೆ ನೋಡಿದರು. ಗಡಸು ಮಾತೇನೂ ಆಡಲಿಲ್ಲ. ಎರಡು ವಾರದೊಳಗೆ ರಿಜಿಸ್ಟರು ಇಲ್ಲಿಗೆ ಬರಬೇಕು, ಬಾರದಿದ್ದರೆ ಅದರಲ್ಲಿದ್ದದ್ದು ನಿಮಗೆ ವಿರುದ್ಧವಾಗಿತ್ತು ಎಂದೇ ತಿಳಿಯಬೇಕಾಗುತ್ತದೆ ಎಂದರು. ಹೊರಗೆ ಕಾರಿಡಾರಿನಲ್ಲಿ ರಟ್ಟಕ್ಕ ಗೋಡೆಗೆ ಒರಗಿ ನಿಂತಳು. ಸುಳ್ಳು ಪ್ರಮಾಣ ಮಾಡಿದವನು ಅವಳ ಮುಂದೆಯೇ ಫೋನಿನಲ್ಲಿ ಯಾರಿಗೋ ಮೀಟಿಂಗು ಮುಂದೂಡಲು ಹೇಳುತ್ತಾ ಹೋದ. ಅವನಿಗೆ ಅದು ಒಂದು ಮಧ್ಯಾಹ್ನದ ಕಿರಿಕಿರಿ, ಅಷ್ಟೇ.

ರಿಜಿಸ್ಟರು ಬಂತು. ರಟ್ಟಕ್ಕನ ಕಡೆಯವರು ಅದನ್ನು ನೋಡಲು ಒಂದು ಗಂಟೆ ಅವಕಾಶ, ಕೋರ್ಟಿನ ಕಚೇರಿಯಲ್ಲಿ, ಗುಮಾಸ್ತನ ಕಣ್ಣೆದುರು. ವಕೀಲೆ ಬರಹ ಓದತೊಡಗಿದಳು. ಇಡೀ ಪುಸ್ತಕದಲ್ಲಿ ಬ್ರೇಕು ಎಂಬ ಪದವೇ ಇರಲಿಲ್ಲ. ಎಣ್ಣೆ ಹಾಕಲಾಯಿತು, ಬಲ್ಬು ಬದಲಿಸಲಾಯಿತು, ಬಾಗಿಲು ಸರಿಮಾಡಲಾಯಿತು. ವಕೀಲೆಯ ಮುಖ ಬಾಡಿತು.

ರಟ್ಟಕ್ಕ ಓದಲೇ ಇಲ್ಲ. ಪುಸ್ತಕವನ್ನು ಎಳೆದುಕೊಂಡು, ಮುಚ್ಚಿ, ಬೆನ್ನನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಲ್ಲಿ ಅಂಟನ್ನು ಉಜ್ಜಿದಳು, ಮೂಸಿದಳು. ಆಮೇಲೆ ನಡುವೆ ತೆರೆದು ದಾರ ನೋಡಿದಳು. ಆಮೇಲೆ ಹಾಳೆ ಎಣಿಸಿದಳು. ಎಣಿಸಿ ಮುಗಿಸಿ ಇನ್ನೊಂದು ಸಲ ಎಣಿಸಿದಳು. ಪುಸ್ತಕವನ್ನು ವಕೀಲೆಯ ಕಡೆ ತಿರುಗಿಸಿದಳು.

"ಎಂಬತ್ತೆಂಟು ಮೇಡಂ. ಎಂಟೆಂಟು ಹಾಳೆದು ಒಂದೊಂದು ಮಡಿಕೆ, ಹನ್ನೆರಡು ಇರಬೇಕು. ಹನ್ನೊಂದೇ ಇದೆ. ಪೂರಾ ಒಂದು ಮಡಿಕೆ ಎತ್ತಿ ಬಿಸಾಕಿ ಮತ್ತೆ ಹೊಲಿದಿದಾರೆ. ಹಳೆ ತೂತು ಇಲ್ಲಿದೆ ನೋಡಿ, ಸೂಜಿ ಹೋಗಿರೋದು ಅದರ ಪಕ್ಕದಲ್ಲಿ. ಹೊಲಿದೋನಿಗೆ ಕೆಲಸಾನೂ ಬರಲ್ಲ."

ಗುಮಾಸ್ತ ಎದ್ದು ಬಂದು ಬಗ್ಗಿ ನೋಡಿದ. ಇಷ್ಟು ದಿನ ಅವಳನ್ನು ಏನಮ್ಮ ಎಂದು ಕರೆಯುತ್ತಿದ್ದವನು, ಗುಟ್ಟು ರಟ್ಟಾಯ್ತಲ್ಲ ಅಕ್ಕಾ ಎಂದ.

ಸಾಕ್ಷಿಕಟ್ಟೆಯಲ್ಲಿ ಕಂಪನಿಯ ವಕೀಲರು ಅವಳನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ನೀವು ತಜ್ಞರಾ, ಎಲ್ಲಿ ಓದಿದ್ದೀರಿ, ಯಾವ ಸರ್ಟಿಫಿಕೇಟು ಇದೆ ಎಂದು ಒಂದಾದ ಮೇಲೊಂದು ಕೇಳಿದರು. ಅಂಟು ಬಳಿಯುವ ಹೆಂಗಸು ಎಂಬ ಮಾತನ್ನು ಎರಡು ಸಲ ನಗುತ್ತಾ ಹೇಳಿದರು. ಹೌದು, ಅಂಟು ಬಳಿಯುವವಳೇ, ಅದಕ್ಕೇ ಹೊಸ ಅಂಟು ಯಾವುದು ಹಳೆಯದು ಯಾವುದು ಎಂದು ಗೊತ್ತು ಎಂದಳು. ಮ್ಯಾನೇಜರನ ಸರದಿ ಬಂದಾಗ, ರಿಜಿಸ್ಟರು ಸಡಿಲವಾಗಿತ್ತು, ಮತ್ತೆ ಕಟ್ಟಿಸಿದೆವು ಎಂದ. ಎಲ್ಲಿ ಕಟ್ಟಿಸಿದಿರಿ, ಯಾವಾಗ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ ನೆನಪಿಲ್ಲ ಎಂದ.

ಹೋದ ಎಂಟು ಹಾಳೆ ಹೋದವೇ ಎಂದುಕೊಂಡಿದ್ದರು. ಆದರೆ ವಶಪಟ್ಟಿಯಲ್ಲಿ ಹಾಳೆ ಎಣಿಸಿ ಬರೆಯುವಷ್ಟು ಅಚ್ಚುಕಟ್ಟಿನ ಬರಹಗಾರ ಠಾಣೆಯಲ್ಲಿದ್ದರೆ, ಪುಸ್ತಕ ವಾಪಸು ಕೊಡುವ ಮುಂಚೆ ಜೆರಾಕ್ಸ್ ಮಾಡಿಸದೆ ಇರುತ್ತಾನೆಯೇ ಎಂದು ವಕೀಲೆಗೆ ಹೊಳೆಯಿತು. ಸಿವಿಲ್ ದಾವೆಯಿಂದ ಅದನ್ನು ಎಳೆಯುವುದು ದೂರದ ದಾರಿ. ಕ್ರಿಮಿನಲ್ ಕೇಸಿನ ಆರೋಪಿಗಾದರೆ ಹತ್ತಿರ. ಲಿಫ್ಟಜ್ಜನ ವಕೀಲರಿಂದ ಆ ಕೋರ್ಟಿನಲ್ಲಿ ಅರ್ಜಿ ಹಾಕಿಸಿದಳು: ಪೊಲೀಸರು ತಮ್ಮ ವಾದಕ್ಕೆ ಬೇಕಾದದ್ದನ್ನು ಮಾತ್ರ ಕೊಟ್ಟಿದ್ದಾರೆ, ತನಿಖೆಯಲ್ಲಿ ಸಿಕ್ಕ ಉಳಿದದ್ದನ್ನೂ ಕೊಡಲಿ.

ಸರ್ಕಾರಿ ವಕೀಲರು ಅವೆಲ್ಲ ಅಪ್ರಸ್ತುತ ಎಂದರು. ಅಪ್ರಸ್ತುತವೋ ಅಲ್ಲವೋ ಎಂಬುದನ್ನು ಸಿಕ್ಕಿಬಿದ್ದವನೂ ನೋಡಬೇಕಲ್ಲ ಎಂದರು ಅಲ್ಲಿಯ ನ್ಯಾಯಾಧೀಶರು. ಠಾಣೆಯ ಕಪಾಟಿನಿಂದ ಒಂದು ಕಂದು ಲಕೋಟೆ ಬಂತು. ಇಡೀ ರಿಜಿಸ್ಟರಿನ ಜೆರಾಕ್ಸ್ ಅದರಲ್ಲಿತ್ತು. ಅಜ್ಜನ ಕೋಳಿಕಾಲಿನ ಅಕ್ಷರದಲ್ಲಿ ನಾಲ್ಕು ಸಲ: ಬ್ರೇಕು ಜಾರುತ್ತಿದೆ. ಗಂಡನ ದುಂಡಗಿನ ಅಕ್ಷರದಲ್ಲಿ ಒಂದು ಸಲ, ಸಾಯುವ ಹತ್ತೊಂಬತ್ತು ದಿನ ಮೊದಲು: ಬ್ರೇಕು ಬದಲಾಯಿಸುವವರೆಗೆ ಲಿಫ್ಟ್ ನಿಲ್ಲಿಸಬೇಕು. ಅದರ ಕೆಳಗೆ ಮ್ಯಾನೇಜರನ ಕೈಯಲ್ಲಿ: ನೋಡಿದೆ. ಸಹಿ.

ಅದೇ ಲಕೋಟೆಯಲ್ಲಿ ಯಾರೂ ಕೇಳದ ಇನ್ನೊಂದು ಹಾಳೆಯೂ ಇತ್ತು. ಶವಪರೀಕ್ಷೆಯ ಹೊತ್ತಿನಲ್ಲಿ ತೆಗೆದ ರಕ್ತದ ವರದಿ. ಮದ್ಯದ ಅಂಶ ಕಂಡುಬಂದಿಲ್ಲ. ವರದಿ ಬಂದದ್ದು ಸತ್ತ ಎರಡು ತಿಂಗಳಿಗೆ. ಈಗ ಮೂರು ವರ್ಷ ಕಳೆದಿತ್ತು.

ಆ ಹಾಳೆ ನೋಡಿದ ದಿನ ರಟ್ಟಕ್ಕ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಬೈದಳು. ಕಂಪನಿಯನ್ನು, ಠಾಣೆಯನ್ನು, ಕಪಾಟನ್ನು, ಕಪಾಟಿನ ಬೀಗವನ್ನು. ಬಚ್ಚಿಟ್ಟವರ ಮೇಲೆ ಬಂದ ಸಿಟ್ಟು ಒಂದು ಬಗೆ. ಯಾರೂ ಬಚ್ಚಿಡದೆ, ಯಾರೂ ತೆಗೆದು ನೋಡದೆ, ಸುಮ್ಮನೆ ಬಿದ್ದಿತ್ತಲ್ಲ ಎಂಬ ಸಿಟ್ಟು ಇನ್ನೊಂದು ಬಗೆ, ಅದಕ್ಕೆ ಬೈಯಲು ಮುಖವೇ ಇಲ್ಲ. ವಕೀಲೆ ಪಕ್ಕದಲ್ಲಿ ಕೂತು ಮೂಗು ಸೀಟಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಸುದ್ದಿ ತಿಳಿದು ಭಾವ ಬೈಂಡಿಂಗ್ ಅಂಗಡಿಗೇ ಬಂದ. ತಪ್ಪಾಯ್ತಮ್ಮ, ಏನೋ ಅಂದುಬಿಟ್ಟೆ ಎಂದು ಬಾಗಿಲಲ್ಲೇ ನಿಂತ. ಅವಳು ಸ್ಟೂಲು ಎಳೆದು ಕೂರಿಸಿದಳು, ನೀರು ಕೊಟ್ಟಳು.

"ಕಂಪನಿಯೋರು ಸುಳ್ಳು ಅಂತ ಗೊತ್ತಿದ್ದೇ ಬರೆದ್ರು ಭಾವ. ನೀವು ನಿಜ ಅಂತ ನಂಬಿದ್ರಿ. ಅವರನ್ನ ಕೋರ್ಟಿಗೆ ಎಳೆದೆ. ನಿಮ್ಮನ್ನ ಎಲ್ಲಿಗೆ ಎಳೀಲಿ ಹೇಳಿ."

ಭಾವ ನೀರು ಕುಡಿಯದೆ ಲೋಟ ಕೆಳಗಿಟ್ಟು ಎದ್ದು ಹೋದ. ಇವತ್ತಿಗೂ ಅವಳು ಅವನಿಗೆ ಮರ್ಯಾದೆ ಕೊಡುತ್ತಾಳೆ, ಹುಷಾರಿಲ್ಲ ಎಂದರೆ ಹೋಗಿ ನೋಡಿಕೊಂಡು ಬರುತ್ತಾಳೆ. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಿಲ್ಲ.

ಲಿಫ್ಟಜ್ಜನನ್ನು ಕೋರ್ಟು ಬಿಡುಗಡೆ ಮಾಡಿತು. ದಾವೆಯೂ ರಟ್ಟಕ್ಕನ ಪರವಾಯಿತು. ಕಂಪನಿ ಸಾಕ್ಷ್ಯ ಮುಚ್ಚಿಟ್ಟಿದೆ ಎಂದೂ ಮೃತನ ಮೇಲಿನ ಮಾತಿಗೆ ಎಳ್ಳಷ್ಟೂ ಆಧಾರವಿಲ್ಲ ಎಂದೂ ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಎಂಟು ಹಾಳೆ ಕಿತ್ತವರು ಯಾರು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಅದು ಈ ದಾವೆಗೆ ಸೇರಿದ ಪ್ರಶ್ನೆಯಲ್ಲ, ಸುಳ್ಳು ಪ್ರಮಾಣಕ್ಕೂ ಸಾಕ್ಷ್ಯ ನಾಶಕ್ಕೂ ಬೇರೆ ದೂರು ಕೊಡಬೇಕು, ಅದಕ್ಕೆ ಇನ್ನೂ ಎಷ್ಟು ವರ್ಷವೋ, ಗೆದ್ದಾಯಿತಲ್ಲ ಅಕ್ಕ, ಬೇಕಾದರೆ ಇಲ್ಲಿಗೇ ಬಿಡಬಹುದು ಎಂದಳು ವಕೀಲೆ.

"ಕಾಗದ ತಯಾರು ಮಾಡಿ ಮೇಡಂ," ಎಂದಳು ರಟ್ಟಕ್ಕ, "ಎಲ್ಲಿ ಸೈನ್ ಮಾಡ್ಬೇಕು ಅಂತ ತೋರಿಸಿ."

ಆ ದೂರು ಇನ್ನೂ ನಡೆಯುತ್ತಿದೆ. ಮ್ಯಾನೇಜರ್ ಈಗ ಬೇರೆ ಕಂಪನಿಯಲ್ಲಿದ್ದಾನೆ, ಒಂದು ತಾರೀಖಿಗೆ ಬರುತ್ತಾನೆ, ಎರಡಕ್ಕೆ ಬರುವುದಿಲ್ಲ. ರಟ್ಟಕ್ಕ ಒಂದನ್ನೂ ತಪ್ಪಿಸಿಲ್ಲ. ಮುಂದಿನ ಬುಧವಾರಕ್ಕೂ ಮಾಲೀಕನ ಹತ್ತಿರ ಅರ್ಧ ದಿನದ ರಜೆ ಹೇಳಿಟ್ಟಿದ್ದಾಳೆ.