ಹಡಗಿನಲ್ಲಿ ಹಳಸಿದ ಹೋಳಿಗೆ

ಅಕ್ಕನ ಹೂರಣ ಹಳಸಿತ್ತು ಎಂದು ಒಬ್ಬ ಮನುಷ್ಯ ಅವಳದೇ ಪಡಸಾಲೆಯಲ್ಲಿ ಕುಳಿತು, ಅವಳು ಕೊಟ್ಟ ಚಹಾ ಕುಡಿಯುತ್ತ ಹೇಳಿದ. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಸಿಟ್ಟಿನಲ್ಲಿ ಬರೆಯಬಾರದೆಂದು ಇಷ್ಟು ತಿಂಗಳು ತಡೆದೆ. ಸಿಟ್ಟು ಇಳಿಯಲಿಲ್ಲ, ನೆನಪು ಮಾತ್ರ ಅಲ್ಲಲ್ಲಿ ಅಳಿಸತೊಡಗಿದೆ. ಪೂರ್ತಿ ಅಳಿಸುವ ಮೊದಲು ಬರೆದುಬಿಡುತ್ತೇನೆ.

ನಾನು ಬೀದರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಅಕ್ಕ ಇರುವುದು ಭಾಲ್ಕಿಯಲ್ಲಿ. ಅಲ್ಲಿ ಯಾರ ಮನೆಯಲ್ಲಿ ಲಗ್ನವಾದರೂ ಹೋಳಿಗೆಗೆ ಅವಳನ್ನೇ ಕರೆಯುತ್ತಾರೆ. ಹಾಗೆ ಹೋದಲ್ಲಿ ಬಂದಲ್ಲಿ ಜೊತೆಯಾದ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅವಳು ಮನೆಯಲ್ಲೇ ಹೋಳಿಗೆ ಮಾಡಿ ಮಾರತೊಡಗಿದಳು. ಕೊಲ್ಲಿ ದೇಶಗಳಿಗೆ ಹೆಪ್ಪುಗಟ್ಟಿಸಿದ ತಿನಿಸು ಕಳಿಸುವ ಬೀದರಿನ ಒಬ್ಬ ವ್ಯಾಪಾರಿಗೆ ಅದು ಗೊತ್ತಾಯಿತು. ಅಲ್ಲಿಂದ ಅಕ್ಕನ ಹೋಳಿಗೆ ಹಡಗು ಹತ್ತಿತು.

ಕ್ರಮ ಹೀಗಿತ್ತು. ಬೆಳಗಿನಿಂದ ಹೆಂಗಸರು ಬೇಯಿಸುತ್ತಾರೆ. ಹಬೆ ಪೂರ್ತಿ ಹೋಗುವ ತನಕ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದಾಗಿ ಹರವುತ್ತಾರೆ, ಆಮೇಲೆ ಡಬ್ಬಿಗೆ ತುಂಬುತ್ತಾರೆ. ವ್ಯಾಪಾರಿಯ ಗಾಡಿ ಬಂದು ಬೀದರಿನ ಕೋಲ್ಡ್ ಸ್ಟೋರೇಜಿಗೆ ಒಯ್ಯುತ್ತದೆ. ಅಲ್ಲಿ ಅವು ಕಲ್ಲಿನಂತಾಗುತ್ತವೆ. ಔರಾದ ಕಡೆಯ ಹಸಿ ಕಡಲೆಯೂ ಸೇರಿ ಒಂದು ಕಂಟೇನರ್ ತುಂಬಿದಾಗ ರಸ್ತೆಯಲ್ಲಿ ಮುಂಬೈ, ಅಲ್ಲಿಂದ ಸಮುದ್ರ. ಮೊದಲು ಹೋದವೆಲ್ಲ ಚೆನ್ನಾಗಿಯೇ ಮುಟ್ಟಿದವು. ತಾನು ಹೈದರಾಬಾದ್ ಕೂಡ ನೋಡಿಲ್ಲ, ತನ್ನ ಹೋಳಿಗೆ ಸಮುದ್ರ ದಾಟಿದವು ಎಂದು ಅಕ್ಕ ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು.

ಆ ಸಲ ಕಂಟೇನರ್ ತುಂಬುವ ದಿನ ಕೋಲ್ಡ್ ಸ್ಟೋರೇಜಿನ ಹಮಾಲರು ಬಂದಿರಲಿಲ್ಲ. ವ್ಯಾಪಾರಿ ಅಕ್ಕನ ಗಂಡನಿಗೆ ಫೋನ್ ಮಾಡಿದ. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಅವನ ಊರು ಔರಾದ ತಾಲ್ಲೂಕಿನ ಡಾಬಕಾ. ಜೋಳದ ಕಣಿಕೆಯ, ಅಂದರೆ ಒಣಗಿದ ದಂಟಿನ, ಬಣವಿ ಹಾಕುವುದರಲ್ಲಿ ಅವನದು ಎತ್ತಿದ ಕೈ. ಗಾಳಿಗೆ ದಾರಿ ಕೊಟ್ಟರೆ ಮಳೆಗೂ ದಾರಿ ಕೊಟ್ಟಂತೆ ಎಂಬುದು ಅವನ ಲೆಕ್ಕ. ಅವನು ಹಾಕಿದ ಬಣವಿಯಲ್ಲಿ ಬೆರಳು ತೂರಿಸಲು ಸಂದು ಸಿಗುವುದಿಲ್ಲ. ಭಾಲ್ಕಿಗೆ ಬಂದು ಎಷ್ಟೋ ವರ್ಷವಾದರೂ ಡಾಬಕಾದವರು ಇನ್ನೂ ಅವನನ್ನು ಕರೆಯುತ್ತಾರೆ. ಅವನು ಹೆಮ್ಮೆಯಿಂದಲೇ ಬೀದರಿಗೆ ಬಂದ. ಅಕ್ಕನೂ ಬಂದಳು. ನನ್ನ ಮನೆ ಹತ್ತಿರವೆಂದು ನಾನೂ ಹೋದೆ.

ಆ ಕಂಟೇನರಿನ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಗಳಂಥ ಗೆರೆಗಳಿರುತ್ತವೆ. ಒಳಗಿನ ಮಷಿನು ಬಿಡುವ ತಣ್ಣನೆ ಗಾಳಿ ಅವುಗಳಲ್ಲಿ ಹರಿದು ಬಾಗಿಲ ತನಕ ಬಂದು, ಮೇಲೇರಿ, ಛಾವಣಿಯ ಕೆಳಗಿನಿಂದ ವಾಪಸಾಗಬೇಕು. ಅದಕ್ಕಾಗಿಯೇ ಗೋಡೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ, ಸರಕು ಅದನ್ನು ದಾಟಬಾರದು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಮಾಮಾನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ತಳಕ್ಕೆ ರಟ್ಟು, ರಟ್ಟಿನ ಮೇಲೆ ತಾಡಪತ್ರಿ ಹಾಸಿದ. ಕಾಲುವೆ ಮುಚ್ಚಿ ಗಾಳಿಯ ದಾರಿ ಕಟ್ಟಿತು. ಉಳಿದ ಸಂದುಗಳಿಗೆ ಗೋಣಿಚೀಲ ಮಡಚಿ ತುರುಕಿದ. ಡಬ್ಬಿಗಳು ಕೆಂಪು ಗೆರೆ ಮುಟ್ಟಿದಾಗ ಕೈ ನಿಲ್ಲಿಸಿ ಕೆಳಗೆ ನೋಡಿದ. ಕೆಳಗೆ ನಿಂತಿದ್ದವನು ವ್ಯಾಪಾರಿ. ಇನ್ನೂ ಜಾಗ ಇದೆಯಲ್ಲ, ಛಾವಣಿ ಮುಟ್ಟುವ ತನಕ ತುಂಬಿರಿ ಎಂದ. ಮಾಮಾನಿಗೆ ಕೆಂಪು ಗೆರೆ ಬರೀ ಬಣ್ಣ. ವರ್ಷಗಟ್ಟಲೆ ಈ ವ್ಯಾಪಾರ ಮಾಡಿದವನಿಗೂ ಹಾಗೇ ಇತ್ತೇ?

ಡ್ರೈವರ್ ನೋಡುತ್ತ ನಿಂತಿದ್ದ. "ಹವಾಕು ರಾಸ್ತಾ ಛೋಡೋ ಮಾಮು," ಗಾಳಿಗೆ ದಾರಿ ಬಿಡು ಎಂದ. ಬಣವಿ ಹಾಕುವವನಿಗೆ ಕೆಳಗೆ ನಿಂತವರು ಬುದ್ಧಿ ಹೇಳಬಾರದೆಂಬ ರೂಢಿ ಡಾಬಕಾದಲ್ಲಿ ಇದೆ. ಮಾಮಾ ಅದನ್ನೇ ಹೇಳಿ ನಕ್ಕುಬಿಟ್ಟ. ಡ್ರೈವರಿನ ದನಿ, ಅವನ ಹೆಗಲ ಮೇಲಿನ ಟವೆಲ್ಲು, ಮಾಮಾನ ನಗು ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿವೆ. ಹಾಗೆಂದು ಬಹಳ ದಿನ ನಂಬಿದ್ದೆ.

ಹಡಗು ಮುಟ್ಟಿದ ಮೇಲೆ ವ್ಯಾಪಾರಿಯ ಫೋನಿಗೆ ಫೋಟೋ ಬಂದವು. ಬಾಗಿಲ ಬಳಿಯ ಡಬ್ಬಿಗಳು ಕುಸಿದು, ಹೂರಣ ಸೋರಿ, ಬೂಸು ಹಿಡಿದಿತ್ತು. ಅವನು ಭಾಲ್ಕಿಗೆ ಬರುತ್ತೇನೆಂದಾಗ ಅಕ್ಕ ನನ್ನನ್ನೂ ಕರೆದಳು. ಹೆಂಗಸರೆಲ್ಲ ಗೋಡೆಗೆ ಒರಗಿ ಕುಳಿತಿದ್ದರು. ಅವನು ಫೋನನ್ನು ಕೈಯಿಂದ ಕೈಗೆ ದಾಟಿಸಿದ.

"ನೋಡ್ರಿ ಅಕ್ಕಾರ, ಹ್ಯಾಂಗ ಆಗ್ಯಾವ. ಹಳಸಿದ ಹೂರಣ ಹಾಕೀರಿ ನೀವು."

ಅಷ್ಟಕ್ಕೇ ಬಿಡಲಿಲ್ಲ. ಬೇಳೆ ಬೇಯಿಸುವ, ಎಲ್ಲರೂ ಆಯಿ ಎಂದು ಕರೆಯುವ ಅಜ್ಜಿಯ ಕಡೆ ಬೊಟ್ಟು ಮಾಡಿ, ಇಂಥ ಮುದುಕಿಯರನ್ನು ಒಲೆಯ ಮುಂದೆ ಕೂಡಿಸಿದರೆ ಹೀಗೇ ಆಗುವುದು, ಕಣ್ಣು ಕಾಣುವುದಿಲ್ಲ, ಕೈ ಸ್ವಚ್ಛ ಇರುವುದಿಲ್ಲ ಎಂದ. ಆಯಿಗೆ ಕಿವಿ ಮಂದ. ತನ್ನನ್ನು ಹೊಗಳುತ್ತಿದ್ದಾನೆಂದು ತಿಳಿದು ಅವಳು ನಕ್ಕಳು. ಆ ನಗುವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಭಾಲ್ಕಿಯಂಥ ಊರಿನಲ್ಲಿ ಹೂರಣ ಹಳಸಿತ್ತಂತೆ ಎಂಬ ಒಂದು ಮಾತು ಹೊರಬಿದ್ದರೆ ಅಕ್ಕನನ್ನಾಗಲಿ ಈ ಹೆಂಗಸರನ್ನಾಗಲಿ ಮುಂದೆ ಯಾವ ಲಗ್ನದ ಮನೆಯವರೂ ಕರೆಯುವುದಿಲ್ಲ. ಅವನಿಗೆ ಇದು ಗೊತ್ತಿತ್ತು. ಅದಕ್ಕೇ ಎಲ್ಲರ ಮುಂದೆ ಹೇಳಿದ.

ಒಳಗೆ ಮಷಿನಿನ ಹತ್ತಿರ ಇದ್ದ ಡಬ್ಬಿಗಳು ಏನಾದವು ಎಂದು ಕೇಳಿದೆ. ಅವು ಚೆನ್ನಾಗಿದ್ದವು, ಅಂಗಡಿಗಳಿಗೆ ಹೋದವು ಎಂದು ಸಲೀಸಾಗಿ ಹೇಳಿಬಿಟ್ಟ.

"ಒಂದ ಕೊಪ್ಪರಗಿ ಹೂರಣರಿ ಅದು," ಎಂದೆ. "ಬಾಗಲ ಕಡೆದು ಅಷ್ಟೇ ಹಳಸ್ತದ ಏನು?"

ಯಾರೋ ಕಿಸಕ್ಕನೆ ನಕ್ಕರು. ವ್ಯಾಪಾರಿ ಚಹಾದ ಕಪ್ಪು ಕೆಳಗಿಟ್ಟು ಮಾಮಾನ ಕಡೆ ತಿರುಗಿದ. "ಹಂಗಾದ್ರ ತುಂಬಿದವರಿಗಿ ಕೇಳಬೇಕ್ರಿ."

"ನಂಗ ಯಾರೂ ಏನೂ ಹೇಳಿಲ್ಲ," ಎಂದ ಮಾಮಾ, ನೆಲ ನೋಡುತ್ತ.

ಡ್ರೈವರ್ ಹೇಳಿದ್ದನ್ನು ನಾನೇ ಕೇಳಿದ್ದೇನೆ ಎಂದು ಎದ್ದು ನಿಂತೆ. ಮಾಮಾ ತಲೆಯೆತ್ತಿದ.

"ನೀ ಎಲ್ಲಿದ್ದಿ ಆಗ? ಒಳಗ ಆಫೀಸನಾಗ ಚಾ ಕುಡಿಲತ್ತಿದ್ದಿ."

ಸಾಕ್ಷಿಯನ್ನು ನಂಬುವ ಮೊದಲು ಅವನು ಎಲ್ಲಿ ನಿಂತಿದ್ದ ಎಂದು ಕೇಳಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಈಗ ನಾನೇ ಹುಡುಕಿದೆ, ಎಲ್ಲಿದ್ದೆ? ಟವೆಲ್ಲು ಕಾಣುತ್ತಿತ್ತು, ನಗು ಕೇಳುತ್ತಿತ್ತು, ನನ್ನ ಕಾಲ ಕೆಳಗಿನ ನೆಲ ಮಾತ್ರ ನೆನಪಾಗಲಿಲ್ಲ.

"ಇಕಿ ಇದ್ದಿದ್ದಿಲ್ಲ," ಎಂದಳು ಅಕ್ಕ. "ನಾ ಇದ್ದೆ. ಡ್ರೈವರ್ ಅಂದದ್ದು ನಾ ಕೇಳೀನಿ, ಇಕಿಗಿ ನಾನೇ ಹೇಳೀನಿ. ಛಾವಣಿ ತನ ತುಂಬ್ರಿ ಅಂತ ಸಾವಕಾರ್ರು ಅಂದದ್ದೂ ಕೇಳೀನಿ."

ಮಾಮಾ ಎದ್ದು ಹೊರಗೆ ಹೋದ. ವ್ಯಾಪಾರಿಯೂ ಎದ್ದ. ಆಗಿದ್ದು ಆಗಿ ಹೋಯಿತು, ಬಿಡಿ, ಮುಂದಿನ ಸಲ ತನ್ನ ಮಂದಿಯೇ ತುಂಬುತ್ತಾರೆ ಎನ್ನುತ್ತ ಚಪ್ಪಲಿ ಹುಡುಕತೊಡಗಿದ. ಅಕ್ಕ ಹೋಗಿ ಬಾಗಿಲಲ್ಲಿ ನಿಂತಳು.

"ಹೂರಣ ಹಳಸಿದ್ದಿಲ್ಲ ಅನ್ರಿ."

"ಆಯ್ತು ಬಿಡ್ರಿ ಅಕ್ಕಾರ."

"ಬಿಡಂಗಿಲ್ರಿ. ಎಲ್ಲಾರ ಮುಂದ ಹಳಸಿತ್ತು ಅಂದೀರಿ. ಎಲ್ಲಾರ ಮುಂದನೇ ಅನ್ರಿ."

ಅವನು ಫೋನ್ ನೋಡುತ್ತ, ಹೂರಣ ಚೆನ್ನಾಗಿತ್ತು ಎಂದು ಗೊಣಗಿದ.

"ಆಯಿಗಿ ಕೇಳಿಸಿಲ್ಲ. ಬಲ್ಲೇಕ ಹೋಗಿ ಅನ್ರಿ."

ಅವನು ಹೋಗಬೇಕಾಯಿತು. ಬಗ್ಗಿ, ಆಯಿಯ ಕಿವಿಯ ಹತ್ತಿರ ಬಾಯಿ ಇಟ್ಟು, ಗಟ್ಟಿಯಾಗಿ ಹೇಳಬೇಕಾಯಿತು. ಆಯಿ ಅವನ ಮುಖವನ್ನೇ ನೋಡಿದಳು.

"ಛಲೋ ಇರದೆ ಏನು? ಇದನ್ನ ಹೇಳ್ಲಾಕ ಬೀದರದಿಂದ ಬಂದಿ ಏನಪ?"

ಹೆಂಗಸರೆಲ್ಲ ನಕ್ಕರು. ಅವರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಆ ಮಾತು ಓಣಿ ದಾಟಿರುತ್ತದೆಂದು ಅವರಿಗೆ ಗೊತ್ತು. ನನಗೆ ಸಾಕಾಗಲಿಲ್ಲ. ಕೆಂಪು ಗೆರೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಬಾಯಿ ಮುಂದಿನ ಸಲ ಬೇರೆ ಯಾರ ಕಡೆ ತಿರುಗುತ್ತದೋ.

ಎಲ್ಲರೂ ಹೋದ ಮೇಲೆ ಅಕ್ಕ ಕಪ್ಪು ತೊಳೆಯುತ್ತಿದ್ದಳು. ನಾನು ಬಾಯಿ ಹಾಕದೆ ಇದ್ದರೆ ಡ್ರೈವರಿನ ಮಾತು ಹೇಳುತ್ತಿದ್ದೆಯಾ ಎಂದು ಕೇಳಿದೆ.

"ಮಂದಿ ಮುಂದ ಅವನ ಕೆಲಸಕ್ಕ ಹೆಸರಿಡಬಾರದಂತ ಸುಮ್ಮಿದ್ದೆ," ಎಂದಳು. "ಅವ ಸುಳ್ಳ ಹೇಳಿದ. ಇನ್ಯಾಕ ಸುಮ್ಮಿರ್ಲಿ?"

ಅಂದರೆ ಮಾಮಾ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಅವಳೂ ಕುಳಿತಿರುತ್ತಿದ್ದಳು. ಗಂಡನ ಕೈಚಳಕಕ್ಕೆ ಕುಂದು ಬಾರದಿರಲೆಂದು ತನ್ನ ಹೂರಣ ಹಳಸಿತ್ತೆಂದು ಒಪ್ಪಿ, ಆಯಿಯನ್ನೂ ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದಳೋ ಏನೋ. ಇದನ್ನು ಅವಳಿಗೆ ಹೇಳಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ಈಗ ಖಚಿತವಿಲ್ಲ. ಹೇಳಿರಬೇಕು, ಏಕೆಂದರೆ ಅವಳು ನನ್ನ ಕಡೆ ತಿರುಗಲಿಲ್ಲ.

ಮಾಮಾ ಹೊರಗಿನಿಂದ ಬಂದು ಕೈಕಾಲು ತೊಳೆದು ಕುಳಿತ. ಅಕ್ಕ ತಾಟು ಇಟ್ಟಳು, ರೊಟ್ಟಿ ಹಾಕಿದಳು. ಅವನ ಪಕ್ಕದಲ್ಲೇ ನನಗೂ ಒಂದು ತಾಟು ಇಟ್ಟಿದ್ದಳು. ನಾನು ಉಣ್ಣದೆ ಬೀದರ್ ಬಸ್ಸು ಹತ್ತಿದೆ.